ಹಸಿರು ದೀಪ ಹತ್ತಿತ್ತು, ಗಾಳಿ ಇರಲಿಲ್ಲ

ಎರಡು ವರ್ಷದ ಹಿಂದೆ, ಮೇ ತಿಂಗಳ ಒಂದು ಮಧ್ಯಾಹ್ನ ಕಲಬುರಗಿಯ ಒಂದು ಆಸ್ಪತ್ರೆಯಿಂದ ಫೋನ್ ಬಂತು. ವಾರ್ಡಿನಲ್ಲಿ ತಣ್ಣನೆ ಗಾಳಿ ನಿಂತಿದೆ ಅಂತ. ಹೊರಗೆ 42 ಡಿಗ್ರಿ ಬಿಸಿಲು. ನಾನು ಮುಟ್ಟುವ ಹೊತ್ತಿಗೆ ಅಲ್ಲಿನವರು ಒಂದು ತಾಸಿನಿಂದ ನೀರು ತಣ್ಣಗೆ ಮಾಡುವ ಚಿಲ್ಲರ್ ಹತ್ತಿರವೇ ಹುಡುಕುತ್ತಿದ್ದರು. ಆ ತಣ್ಣನೆ ನೀರಿನ ಕಾಯಿಲ್ ದಾಟಿಸಿ ವಾರ್ಡಿಗೆ ಗಾಳಿ ತಳ್ಳುವ ಯಂತ್ರ ಎ.ಎಚ್.ಯು. ಅದರ ಪ್ಯಾನೆಲ್ ಮೇಲೆ ಹಸಿರು ದೀಪ ಹತ್ತಿತ್ತಲ್ಲ, ಫ್ಯಾನ್ ನಡೆದಿದೆ, ತಪ್ಪೇನಿದ್ದರೂ ನೀರಿನದು ಎಂದು ಅವರ ಲೆಕ್ಕ. ನಾನು ಎ.ಎಚ್.ಯು. ಬಾಗಿಲು ತೆಗೆದು ನೋಡಿದೆ. ಮೋಟಾರ್ ತಿರುಗುತ್ತಿತ್ತು, ಅದು ಬೆಲ್ಟಿನಿಂದ ತಿರುಗಿಸುವ ಬ್ಲೋವರ್, ಅಂದರೆ ಗಾಳಿ ತಳ್ಳುವ ಫ್ಯಾನ್, ನಿಂತಿತ್ತು. ಎರಡೂ ಬೆಲ್ಟ್ ಹರಿದು ಕೆಳಗೆ ಬಿದ್ದಿದ್ದವು. ವಾರ್ಡಿನಲ್ಲಿ ಒಬ್ಬ ಹೆಣ್ಣುಮಗಳು ಎಕ್ಸ್‌ರೇ ಲಕೋಟೆ ಹಿಡಿದು ತನ್ನ ತಾಯಿಗೆ ಗಾಳಿ ಹಾಕುತ್ತಾ ಕೂತಿದ್ದಳು. ಆ ಪ್ಯಾನೆಲ್ ವೈರಿಂಗ್ ಮಾಡಿದವನು ನಾನೇ.

ವೈರಿಂಗಿನಲ್ಲಿ ತಪ್ಪಿರಲಿಲ್ಲ, ಎಲ್ಲರೂ ಮಾಡುವ ಹಾಗೆಯೇ ಮಾಡಿದ್ದೆ. ಹಸಿರು ದೀಪವನ್ನು ಮೋಟಾರಿಗೆ ಕರೆಂಟ್ ಕೊಡುವ ಸ್ವಿಚ್ಚಾದ ಕಾಂಟ್ಯಾಕ್ಟರಿನ ಆಕ್ಸಿಲರಿಯಿಂದ, ಅಂದರೆ ಅದರ ಜೊತೆಗೇ ಕೂಡುವ ಸಣ್ಣ ಕಾಂಟ್ಯಾಕ್ಟಿನಿಂದ, ತೆಗೆದುಕೊಂಡಿದ್ದೆ. ಕಾಂಟ್ಯಾಕ್ಟರ್ ಎಳೆದರೆ ದೀಪ ಹತ್ತುತ್ತದೆ, ಅಷ್ಟೇ. ಮುಂದೆ ಮೋಟಾರ್ ತಿರುಗಿತೋ, ಬೆಲ್ಟ್ ಇದೆಯೋ, ಗಾಳಿ ಹೋಯಿತೋ ಅದಕ್ಕೆ ಗೊತ್ತಿಲ್ಲ. ಬೆಲ್ಟ್ ಹರಿದರೆ ಮೋಟಾರಿನ ಆಂಪಿಯರ್ ಇಳಿಯುತ್ತದೆ, ಹಾಗಾಗಿ ಆಂಪಿಯರ್ ಏರಿದರೆ ಮೋಟಾರ್ ನಿಲ್ಲಿಸುವ ಓವರ್‌ಲೋಡ್ ರಿಲೇ ಕೂಡ ಸುಮ್ಮನಿರುತ್ತದೆ.

ಈ ವರ್ಷ ಅದೇ ಆಸ್ಪತ್ರೆಯ ಹೊಸ ಕಟ್ಟಡದ ಕೆಲಸ ಬಂದಾಗ ಒಂದು ಮಾತು ಮೊದಲೇ ಹೇಳಿದೆ: ಈ ಸಲ ಗಾಳಿ ಹೋದರೆ ಮಾತ್ರ ಹಸಿರು ದೀಪ ಹತ್ತಬೇಕು, ಅದಕ್ಕೆ ಗಾಳಿಯ ಒತ್ತಡ ಬಂದರೆ ಮಾತ್ರ ಕೂಡುವ ಪ್ರೆಶರ್ ಸ್ವಿಚ್ ಬೇಕು. ಖರ್ಚು ಸ್ವಲ್ಪ ಹೆಚ್ಚು. ಮೇಂಟೆನೆನ್ಸ್ ಸಾಹೇಬರು ಹಳೇ ಮೇ ತಿಂಗಳು ಮರೆತಿರಲಿಲ್ಲ, ಒಪ್ಪಿದರು.

ಯಂತ್ರ 10,000 ಸಿ.ಎಫ್.ಎಂ.ದು (ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ), ಮೋಟಾರ್ 7.5 ಎಚ್.ಪಿ., ಅಂದರೆ 5.5 ಕಿಲೋವಾಟ್. ಮೋಟಾರಿನ ವೇಗ ಏರಿಸಿ ಇಳಿಸುವ ಡ್ರೈವ್, ಅಂದರೆ ವಿ.ಎಫ್.ಡಿ., ಜೊತೆಗೆ ಡ್ರೈವ್ ಬಿಟ್ಟು ನೇರ ಲೈನ್ ಕೊಡುವ ಬೈಪಾಸ್. ಎ.ಎಚ್.ಯು. ರೂಮ್ ಮಾಳಿಗೆ ಮೇಲೆ, ತಗಡಿನ ಛಾವಣಿ. ನಮ್ಮ ಕಡೆ ಬೇಸಿಗೆಯಲ್ಲಿ ಅಂಥ ರೂಮಿನೊಳಗೆ 45 ಡಿಗ್ರಿ ದಾಟುತ್ತದೆ. ಬಹಳಷ್ಟು ವಿ.ಎಫ್.ಡಿ.ಗಳು 40 ಡಿಗ್ರಿ ಮೇಲೆ ಪೂರ್ತಿ ಲೋಡ್ ಎಳೆಯುವುದಿಲ್ಲ. ಅದಕ್ಕೆ 5.5 ಕಿಲೋವಾಟ್ ಮೋಟಾರಿಗೆ 7.5 ಕಿಲೋವಾಟಿನ ಡ್ರೈವ್ ತರಿಸಿದೆ. ಪ್ಯಾನೆಲ್ ಬಾಗಿಲಿಗೆ ಫಿಲ್ಟರ್ ಇರುವ ಸಣ್ಣ ಫ್ಯಾನ್ ಹಾಕಿಸಿದೆ. ಫಿಲ್ಟರ್ ಇಲ್ಲದಿದ್ದರೆ ಇಲ್ಲಿನ ಧೂಳು ತಿಂಗಳೊಳಗೆ ಡ್ರೈವ್ ಮೇಲೆ ಹಾಸಿಗೆ ಹಾಸುತ್ತದೆ.

ಪ್ಯಾನೆಲ್ ಎಲ್ಲಿ ಕೂರಿಸಬೇಕು ಎನ್ನುವುದಕ್ಕೇ ಅರ್ಧ ದಿನ ಹೋಯಿತು. ಎ.ಎಚ್.ಯು. ಮೈಗೇ ಬೋಲ್ಟ್ ಹಾಕಿಬಿಡಿ ಎಂದರು ಸಿವಿಲ್‌ನವರು. ನಾನು ಒಪ್ಪಲಿಲ್ಲ. ಆ ನಡುಕಕ್ಕೆ ಆರು ತಿಂಗಳಲ್ಲಿ ಟರ್ಮಿನಲ್ ಸ್ಕ್ರೂಗಳು ಸಡಿಲಾಗುತ್ತವೆ. ಗೋಡೆ ಹಾಲೋ ಬ್ಲಾಕ್, ಫಾಸ್ಟ್ನರ್ ಹಿಡಿಯುವುದಿಲ್ಲ. ಕೊನೆಗೆ ಆ್ಯಂಗಲ್ ಸ್ಟ್ಯಾಂಡ್ ಮಾಡಿಸಿ ನೆಲಕ್ಕೆ ನಿಲ್ಲಿಸಿದೆವು. ನೆಲ ಶಹಾಬಾದ್ ಪರ್ಸಿ ಕಲ್ಲಿನದು. ಪರ್ಸಿಗೆ ಒಮ್ಮೆಲೆ ಡ್ರಿಲ್ಲಿನ ಹ್ಯಾಮರ್ ಕೊಟ್ಟರೆ ಕಲ್ಲು ಪದರು ಪದರಾಗಿ ಏಳುತ್ತದೆ. ಹ್ಯಾಮರ್ ಬಂದ್ ಮಾಡಿ, ಸಣ್ಣ ಬಿಟ್‌ನಿಂದ ನೀರು ಹನಿಸುತ್ತಾ ಕಲ್ಲು ದಾಟಿಸಿ, ಕೆಳಗಿನ ಕಾಂಕ್ರೀಟ್ ಸಿಕ್ಕ ಮೇಲೆ ಹ್ಯಾಮರ್ ಹಾಕಿದೆವು. ನಾಲ್ಕು ತೂತಿನಲ್ಲಿ ಒಂದೂ ಒಡೆಯಲಿಲ್ಲ.

ಕೇಬಲ್ ಎಲ್ಲಾ ಕೆಳಗಿನಿಂದ, ತೂತಿನಲ್ಲಿ ಕೇಬಲ್ ಬಿಗಿ ಹಿಡಿಯುವ ಗ್ಲ್ಯಾಂಡ್ ಹಾಕಿಯೇ ಒಳಗೆ ತಂದೆ. ಮೇಲಿನಿಂದ ತಂದರೆ ಚಿಲ್ಡ್ ವಾಟರ್ ಪೈಪಿನ ಬೆವರು ಕೇಬಲ್ ಹಿಡಿದು ನೇರ ಪ್ಯಾನೆಲಿಗೆ ಇಳಿಯುತ್ತದೆ. ಟೆಂಪರೇಚರ್ ಸೆನ್ಸಾರ್ ಮತ್ತು ವಾಲ್ವಿನ 24 ವೋಲ್ಟ್ ಕೇಬಲ್‌ಗಳಿಗೆ ಬೇರೆ ಪೈಪ್. ಮೋಟಾರ್ ಕೇಬಲ್ ದಾಟಲೇಬೇಕಾದ ಕಡೆ ಅಡ್ಡಕ್ಕೆ ದಾಟಿಸಿದೆ, ಉದ್ದಕ್ಕೂ ಜೊತೆಯಾಗಿ ಓಡಿಸಲಿಲ್ಲ. ಸೆನ್ಸಾರ್ ಕೇಬಲ್ ಸುತ್ತಲಿನ ಲೋಹದ ಹೊದಿಕೆ, ಶೀಲ್ಡ್ ಅನ್ನು ಪ್ಯಾನೆಲ್ ಕಡೆ ಮಾತ್ರ ಅರ್ಥ್‌ಗೆ ಕೊಟ್ಟು ಇನ್ನೊಂದು ತುದಿಗೆ ಟೇಪ್ ಸುತ್ತಿದೆ. ಫೈರ್ ಅಲಾರಂ ಕಾಂಟ್ಯಾಕ್ಟ್ ಅನ್ನು ಕಂಟ್ರೋಲ್ ಲೈನಿನಲ್ಲಿ ಸೀರೀಸ್ ಹಾಕಿದ್ದು ಸದಾ ಮುಚ್ಚಿರುವ, ಅಲಾರಂ ಆದರೆ ತೆರೆಯುವ ಕಾಂಟ್ಯಾಕ್ಟಾಗಿ. ಬೆಂಕಿ ಬಿದ್ದರೂ, ಆ ವೈರ್ ಹರಿದರೂ ಫ್ಯಾನ್ ನಿಲ್ಲಬೇಕು. ಎ.ಎಚ್.ಯು. ಬಾಗಿಲು ತೆರೆದರೆ ಫ್ಯಾನ್ ನಿಲ್ಲಿಸುವ ಲಿಮಿಟ್ ಸ್ವಿಚ್ ಕೂಡ ಅದೇ ಲೈನಿನಲ್ಲಿ.

ಇನ್ನು ಪ್ರೆಶರ್ ಸ್ವಿಚ್. ಪ್ಲಸ್ ನಳಿಗೆ ಬ್ಲೋವರ್ ದಾಟಿದ ಕಡೆ, ಮೈನಸ್ ನಳಿಗೆ ಬ್ಲೋವರ್ ಎಳೆಯುವ ಕಡೆ. ಸ್ವಿಚ್ ಅನ್ನು ನಳಿಗೆ ಹಾಕಿದ ತೂತುಗಳಿಗಿಂತ ಮೇಲೆ ಕೂರಿಸಿದೆ, ನಳಿಗೆಯಲ್ಲಿ ನೀರು ಕಟ್ಟಿದರೆ ತಾನಾಗಿ ಕೆಳಗೆ ಇಳಿಯಲಿ ಎಂದು. ಸೆಟ್ಟಿಂಗ್ ಅಂದಾಜಿನ ಮೇಲೆ ಮಾಡಬಾರದು. ಒತ್ತಡ ಅಳೆಯುವ ಮ್ಯಾನೋಮೀಟರ್ ಹಚ್ಚಿ ನೋಡಿದಾಗ 50 ಹರ್ಟ್ಸ್‌ನಲ್ಲಿ 480 ಪ್ಯಾಸ್ಕಲ್ ಬಂತು. ಆದರೆ ರಾತ್ರಿ ಡ್ರೈವ್ 30 ಹರ್ಟ್ಸ್‌ವರೆಗೆ ಇಳಿಯುತ್ತದೆ. ವೇಗ ಇಳಿದಂತೆ ಪ್ರೆಶರ್ ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ, ಅಂದರೆ 30 ಹರ್ಟ್ಸ್‌ಗೆ ಸುಮಾರು 170. ಅದಕ್ಕೆ ಸ್ವಿಚ್ 120ಕ್ಕೆ ಇಟ್ಟೆ. ಫ್ಯಾನ್ ವೇಗ ಹಿಡಿಯಲು 30 ಸೆಕೆಂಡ್ ಟೈಮರ್. ಅಷ್ಟರಲ್ಲಿ ಸ್ವಿಚ್ಚಿನ ಕಾಂಟ್ಯಾಕ್ಟ್ ಕೂಡದಿದ್ದರೆ ಫ್ಯಾನ್ ಟ್ರಿಪ್, ಕೆಂಪು ದೀಪ, ಹೂಟರ್. ಹಸಿರು ದೀಪಕ್ಕೆ ಕಾಂಟ್ಯಾಕ್ಟರ್ ಆಕ್ಸಿಲರಿ ಮತ್ತು ಈ ಸ್ವಿಚ್ ಎರಡನ್ನೂ ಸೀರೀಸ್ ಕೊಟ್ಟೆ.

ಚಾಲೂ ಮಾಡುವ ಮೊದಲು ಡ್ರೈವ್ ಕಡೆಯ ವೈರ್ ಬಿಚ್ಚಿಟ್ಟು ಮೋಟಾರಿಗೆ ಇನ್ಸುಲೇಶನ್ ಪರೀಕ್ಷಿಸುವ ಮೆಗ್ಗರ್ ಹಾಕಿದೆ. ಬಿಚ್ಚದೆ ಹಾಕಿದರೆ ಆ 500 ವೋಲ್ಟ್ ಡ್ರೈವನ್ನೇ ಸುಡುತ್ತದೆ. ಡ್ರೈವ್ ಮೇಲೆ ಎಲ್ಲಾ ಸರಿ ನಡೆಯಿತು, ಹಸಿರು ದೀಪ ಹತ್ತಿತು. ಬೈಪಾಸಿಗೆ ಹಾಕಿದೆ. ಮೋಟಾರ್ ತಿರುಗಿತು, 30 ಸೆಕೆಂಡಿಗೆ ಹೂಟರ್ ಕೂಗಿ ಟ್ರಿಪ್ ಆಯಿತು. ಮತ್ತೆ ಹಾಕಿದೆ, ಮತ್ತೆ ಟ್ರಿಪ್.

ನನ್ನ ಜೊತೆ ಅಕ್ಕನ ಮಗ ಇದ್ದ. ವಾರ್ಡಿಗೆ ಓಡಿಹೋಗಿ ಗ್ರಿಲ್‌ಗೆ ಕೈ ಹಿಡಿದು ಬಂದ. “ಮಾಮಾ, ಗಾಳಿ ಬರ್ಲತ್ತದ ನೋಡ್ರಿ. ಸ್ವಿಚ್ಚೇ ಕೆಟ್ಟದ, ತೆಗೆದ್ ಬಿಡಾಮಾ?” ಅಂದ.

“ಎಷ್ಟ್ ಬರ್ಲತ್ತದ?” ಅಂದೆ.

“ಬರ್ಲತ್ತದ್ರಿ... ಮೊದಲಿನಷ್ಟು ಇಲ್ಲ.”

ಮ್ಯಾನೋಮೀಟರ್ ನೋಡಿದರೆ ಬರೀ 70. ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಹಾಕಿದರೆ ಆಂಪಿಯರ್ ಕೂಡ ಡ್ರೈವ್‌ನಲ್ಲಿ ಇದ್ದದ್ದಕ್ಕಿಂತ ಕಡಿಮೆ. ಬಂದ್ ಮಾಡಿ, ಪುಲ್ಲಿ ನಿಲ್ಲುವಾಗ ಟಾರ್ಚ್ ಬಿಟ್ಟು ಅವನಿಗೆ ತೋರಿಸಿದೆ. ಬ್ಲೋವರ್ ಉಲ್ಟಾ ತಿರುಗುತ್ತಿತ್ತು. ಇಂಥ ಬ್ಲೋವರ್ ಉಲ್ಟಾ ತಿರುಗಿದರೂ ಗಾಳಿ ಡಕ್ಟ್ ಕಡೆಗೇ ಹೋಗುತ್ತದೆ, ಆದರೆ ಅರ್ಧವೂ ಅಲ್ಲ. ಕೈ ಹಿಡಿದವನಿಗೆ ಗಾಳಿ ಇದೆ ಅನಿಸುತ್ತದೆ. ಎಷ್ಟೋ ಕಡೆ ಹೀಗೇ ವರ್ಷಗಟ್ಟಲೆ ನಡೆದು “ಎ.ಸಿ. ಸಾಲುತ್ತಿಲ್ಲ” ಎಂಬ ದೂರು ಇದ್ದೇ ಇರುತ್ತದೆ.

ಡ್ರೈವ್‌ನಲ್ಲಿ ಸರಿ, ಬೈಪಾಸ್‌ನಲ್ಲಿ ಉಲ್ಟಾ ಹೇಗೆ ಎಂದು ಅವನು ಕೇಳಿದ, ಕೇಳಬೇಕಾದ ಪ್ರಶ್ನೆಯೇ. ಡ್ರೈವ್ ಒಳಗೆ ಬರುವ ಫೇಸ್ ಯಾವ ಕ್ರಮದಲ್ಲಿದ್ದರೂ ಹೊರಗೆ ತನ್ನದೇ ಕ್ರಮದಲ್ಲಿ ಕೊಡುತ್ತದೆ. ಬೈಪಾಸಿಗೆ ಲೈನ್ ಹೇಗೆ ಬಂತೋ ಹಾಗೇ ಮೋಟಾರಿಗೆ. ಅವನು ಮೋಟಾರ್ ಟರ್ಮಿನಲ್ ಬಾಕ್ಸ್ ಬಿಚ್ಚಲು ಸ್ಪ್ಯಾನರ್ ಎತ್ತಿದ್ದ, ತಡೆದೆ. ಅಲ್ಲಿ ಬದಲಿಸಿದರೆ ಬೈಪಾಸ್ ಸರಿಯಾಗಿ ಡ್ರೈವ್ ಉಲ್ಟಾ ಆಗುತ್ತದೆ. ಮೇನ್ ಇಳಿಸಿ, ಲೈನ್ ಸತ್ತಿದೆಯೆಂದು ಟೆಸ್ಟರ್ ಹಿಡಿದು ನೋಡಿ, ಬೈಪಾಸ್ ಕಾಂಟ್ಯಾಕ್ಟರಿನ ಮೇಲಿನ ಎರಡು ವೈರ್ ಅದಲುಬದಲು ಮಾಡಿಸಿದೆ, ವೈರಿನ ನಂಬರ್ ಇರುವ ಫೆರೂಲ್ ಕೂಡ ಬದಲಿಸಿದೆ. ಮತ್ತೆ ಬೈಪಾಸ್ ಹಾಕಿದಾಗ ಮ್ಯಾನೋಮೀಟರ್ 480ಕ್ಕೆ ಬಂದು ನಿಂತಿತು.

ಹೊರಡುವ ಮೊದಲು ಓಡುತ್ತಿದ್ದ ಯಂತ್ರ ನಿಲ್ಲಿಸಿ ಎರಡೂ ಬೆಲ್ಟ್ ಬಿಚ್ಚಿ, ಸಾಹೇಬರ ಎದುರಿಗೇ ಚಾಲೂ ಮಾಡಿದೆ. ಮೋಟಾರ್ ತಿರುಗಿತು, ಹಸಿರು ದೀಪ ಹತ್ತಲಿಲ್ಲ, 30 ಸೆಕೆಂಡಿಗೆ ಹೂಟರ್. ಕೆಳಗಿನ ವಾರ್ಡಿನ ಸಿಸ್ಟರ್ ಮೇಲೆ ಬಂದು ಏನಾಯಿತು ಎಂದು ಕೇಳಿದರು. ಅವರಿಗೂ ಕೆಂಪು ದೀಪ ತೋರಿಸಿ, ಇದು ಹತ್ತಿದರೆ ಚಿಲ್ಲರ್ ಹತ್ತಿರ ಹೋಗಬೇಡಿ, ಮೊದಲು ಇಲ್ಲಿಗೆ ಕಳಿಸಿ ಎಂದು ಹೇಳಿದೆ. ಬದಲಿಸಿದ ವೈರ್ ಸೇರಿಸಿ ಡ್ರಾಯಿಂಗ್ ಅನ್ನು ಅಕ್ಕನ ಮಗನೇ ಕನ್ನಡದಲ್ಲಿ ಬರೆದು ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿದ. ಹಳೇ ಕಟ್ಟಡದ ಪ್ಯಾನೆಲಿಗೂ ಪ್ರೆಶರ್ ಸ್ವಿಚ್ ತರಿಸಿದ್ದೇನೆ, ಬರುವ ಭಾನುವಾರ ಹಾಕುತ್ತೇವೆ.