ಸುವೊನ್‌ಗೆ ಬಂದ ಕನ್ನಡಿಗರಿಗೆ: ನಮ್ಮೂರ ನೀಲಿ ತಂಡದ ಪರಿಚಯ

ಬೆಂಗಳೂರಿನ ಸ್ಯಾಮ್‌ಸಂಗ್ ಆಫೀಸಿನಿಂದ ದಕ್ಷಿಣ ಕೊರಿಯಾದ ಸುವೊನ್‌ಗೆ ಬರುವ ನಮ್ಮವರು ಮೊದಲ ವಾರ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ತೊಗರಿಬೇಳೆ ಎಲ್ಲಿ ಸಿಗುತ್ತದೆ? ಬ್ಯಾಂಕ್ ಖಾತೆ ಹೇಗೆ? ಮನೆ ಬಾಡಿಗೆ ಎಷ್ಟು? ಇದಕ್ಕೆಲ್ಲ ಉತ್ತರ ಹೇಳುವವರು ಇಲ್ಲಿ ತುಂಬಾ ಜನ ಇದ್ದಾರೆ. ನಾನು ಹೇಳುವುದು ಬೇರೆ ವಿಷಯ. ಈ ಊರಿನ ಜನರ ಹತ್ತಿರ ಹೋಗಬೇಕು ಅಂದರೆ ಒಂದು ಶನಿವಾರವೋ ಭಾನುವಾರವೋ ಬಿಡುವು ಮಾಡಿಕೊಂಡು ಬಿಗ್ ಬರ್ಡ್ ಸ್ಟೇಡಿಯಂಗೆ ಹೋಗಿ. ನಮ್ಮೂರ ಫುಟ್‌ಬಾಲ್ ತಂಡ ಸುವೊನ್ ಸ್ಯಾಮ್‌ಸಂಗ್ ಬ್ಲೂವಿಂಗ್ಸ್ ಆಡುವುದನ್ನು ನೋಡಿ.

ಹೊಸಬರು ಆ ಹೆಸರು ಕೇಳಿದ ತಕ್ಷಣ "ಓ, ಕಂಪನಿ ಟೀಮಾ?" ಅನ್ನುತ್ತಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಕ್ಲಬ್ ಹುಟ್ಟಿದ್ದು ಕಂಪನಿಯಿಂದಲೇ, ಅದು ನಿಜ. 1995ರ ಡಿಸೆಂಬರ್‌ನಲ್ಲಿ ಸ್ಯಾಮ್‌ಸಂಗ್ ಎಲೆಕ್ಟ್ರಾನಿಕ್ಸ್ ಇದನ್ನು ಕಟ್ಟಿತು. 1996ರಿಂದ ಕೊರಿಯಾದ ಫುಟ್‌ಬಾಲ್ ಲೀಗ್ ಆದ ಕೆ ಲೀಗ್‌ನಲ್ಲಿ ಆಟ ಶುರುವಾಯಿತು. 2014ರಲ್ಲಿ ಮಾಲೀಕತ್ವ ಅದೇ ಗುಂಪಿನ ಜಾಹೀರಾತು ಕಂಪನಿ ಚೇಯಿಲ್‌ಗೆ ಹೋಯಿತು. ಆದರೆ ಆಟದ ದಿನ ಸ್ಟೇಡಿಯಂ ಸುತ್ತ ಒಂದು ಸುತ್ತು ಹಾಕಿ ನೋಡಿ. ನೀಲಿ ಜೆರ್ಸಿ ಹಾಕಿದ ಅಜ್ಜ, ಅವರ ಮಗ, ಮಗನ ಹೆಗಲ ಮೇಲೆ ಮೊಮ್ಮಗಳು. ಮೂವತ್ತು ವರ್ಷದಲ್ಲಿ ಕಂಪನಿಯ ತಂಡ ಮನೆಮನೆಯ ತಂಡವಾಗಿದೆ. ಕ್ಲಬ್ ಹುಟ್ಟಿದ ವರ್ಷ ಕೂಸಾಗಿದ್ದವರು ಈಗ ತಮ್ಮ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ.

ಮೊದಲ ಕೋಚ್ ಕಿಮ್ ಹೊ. 1994ರ ವಿಶ್ವಕಪ್‌ನಲ್ಲಿ ಕೊರಿಯಾ ತಂಡವನ್ನು ನಡೆಸಿದವರು. ಅವರ ಕೈಯಲ್ಲಿ ತಂಡ ಮೊದಲ ವರ್ಷವೇ ಲೀಗ್‌ನಲ್ಲಿ ಎರಡನೇ ಸ್ಥಾನಕ್ಕೆ ಬಂತು. 1998 ಮತ್ತು 1999ರಲ್ಲಿ ಲೀಗ್ ಗೆದ್ದಿತು. ಆಮೇಲೆ 2004 ಮತ್ತು 2008, ಒಟ್ಟು ನಾಲ್ಕು ಸಲ ಲೀಗ್ ಗೆಲುವು. ಇದರ ಜೊತೆಗೆ ಐದು ಎಫ್‌ಎ ಕಪ್. ಕೊರಿಯಾದ ಗೋಲ್‌ಕೀಪರ್ ಲೀ ವುನ್-ಜೆ ಹೆಸರು 2002ರ ವಿಶ್ವಕಪ್ ನೋಡಿದವರಿಗೆ ನೆನಪಿರಬಹುದು. ಸ್ಪೇನ್ ಎದುರಿನ ಪೆನಾಲ್ಟಿ ತಡೆದವರು. ಅವರು ನಮ್ಮ ತಂಡದವರು. 2004ರ ಲೀಗ್ ಫೈನಲ್ ಕೂಡ ಪೆನಾಲ್ಟಿಗೆ ಹೋಗಿತ್ತು. ಎದುರಾಳಿ ಪೊಹಾಂಗ್. ಕೊನೆಯ ಒದೆತಕ್ಕೆ ಬಂದವರು ಪೊಹಾಂಗ್‌ನ ಗೋಲ್‌ಕೀಪರ್ ಕಿಮ್ ಬ್ಯೊಂಗ್-ಜಿ. ಒಬ್ಬ ಗೋಲ್‌ಕೀಪರ್ ಒದ್ದ ಚೆಂಡನ್ನು ಇನ್ನೊಬ್ಬ ಗೋಲ್‌ಕೀಪರ್ ತಡೆದು ಕಪ್ ಗೆಲ್ಲಿಸಿದ ಕಥೆಯನ್ನು ಇಲ್ಲಿನ ಹಳಬರು ಇವತ್ತಿಗೂ ಕೈ ಚಾಚಿ ತೋರಿಸಿಯೇ ಹೇಳುತ್ತಾರೆ.

ಇನ್ನು ಪಕ್ಕದೂರಿನ ಜಗಳ. ಇದನ್ನು ನಿಧಾನವಾಗಿಯೇ ಹೇಳಬೇಕು. ಇದು ಗೊತ್ತಿಲ್ಲದೆ ಸುವೊನ್ ಅರ್ಥ ಆಗುವುದಿಲ್ಲ.

ಸುವೊನ್‌ನಿಂದ ರಾಜಧಾನಿ ಸೋಲ್ ಕಡೆ ಹೋಗುವ ಹಳೆಯ ದಾರಿಯಲ್ಲಿ ಜಿಜಿದೆ ಅನ್ನುವ ಒಂದು ಗುಡ್ಡದ ಕಣಿವೆ ಇದೆ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಇಲ್ಲಿ ಹ್ವಾಸೊಂಗ್ ಕೋಟೆ ಕಟ್ಟಿಸಿದ ರಾಜ ಜೊಂಗ್ಜೊ ತನ್ನ ತಂದೆಯ ಸಮಾಧಿಗೆ ಈ ಕಡೆ ಬರುತ್ತಿದ್ದ. ತಂದೆ ರಾಜಕುಮಾರ ಸಾದೊ ಘೋರವಾಗಿ ಸತ್ತವನು. ಮರಳಿ ಅರಮನೆಗೆ ಹೋಗುವಾಗ ಈ ಗುಡ್ಡ ದಾಟಿದರೆ ಸಮಾಧಿಯ ದಿಕ್ಕು ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ರಾಜ ಇಲ್ಲಿ ಮತ್ತೆ ಮತ್ತೆ ನಿಂತು ಹಿಂತಿರುಗಿ ನೋಡುತ್ತಿದ್ದನಂತೆ. ಮೆರವಣಿಗೆ ಮುಂದೆ ಸಾಗುತ್ತಲೇ ಇರಲಿಲ್ಲ. ಹಾಗಾಗಿ 'ನಿಧಾನ, ನಿಧಾನ' ಅನ್ನುವ ಅರ್ಥದ ಹೆಸರು ಆ ಜಾಗಕ್ಕೆ ಬಂತು. ಗುಡ್ಡದ ಆ ಕಡೆ ಅನ್ಯಾಂಗ್ ಊರು. ಅಲ್ಲಿ ಎಲ್‌ಜಿ ಕಂಪನಿಯ ತಂಡ ಇತ್ತು. ಈ ಕಡೆ ಸ್ಯಾಮ್‌ಸಂಗ್. ಅಂಗಡಿಯಲ್ಲಿ ಟಿವಿ, ಫ್ರಿಜ್‌ಗಾಗಿ ಪೈಪೋಟಿ ನಡೆಸುವ ಎರಡು ಮನೆಗಳು, ನಡುವೆ ಒಂದೇ ಒಂದು ಗುಡ್ಡ. ಆ ಪಂದ್ಯಕ್ಕೆ ಜಿಜಿದೆ ಡರ್ಬಿ ಅಂತಲೇ ಹೆಸರಾಯಿತು.

ಉರಿಯುವ ಬೆಂಕಿಗೆ ತುಪ್ಪ ಸುರಿದದ್ದು ಸೊ ಜುಂಗ್-ವೊನ್ ವಿಷಯ. ಅನ್ಯಾಂಗ್ ತಂಡದ ಮುದ್ದಿನ ಆಟಗಾರ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ಗೆ ಹೋಗಿ ಆಡಿದರು. 1999ರಲ್ಲಿ ವಾಪಸ್ ಬಂದಾಗ ಹಳೆಯ ಮನೆಗೆ ಹೋಗದೆ ಸುವೊನ್ ಸೇರಿದರು. ಅನ್ಯಾಂಗ್ ಅಭಿಮಾನಿಗಳು ಅವರ ಜೆರ್ಸಿ ಸುಟ್ಟರು. 2002ರ ಏಷ್ಯನ್ ಕ್ಲಬ್ ಚಾಂಪಿಯನ್‌ಶಿಪ್ ಫೈನಲ್‌ಗೆ ಬಂದ ಎರಡು ತಂಡಗಳೂ ಇವೇ. ಗುಡ್ಡದ ಆಚೆ ಈಚೆ ಇರುವ ಎರಡು ಊರುಗಳು ಏಷ್ಯಾದ ಕಪ್‌ಗಾಗಿ ಆಡಿದ್ದು ಟೆಹರಾನ್‌ನಲ್ಲಿ! ಗೋಲ್ ಬರಲಿಲ್ಲ. ಪೆನಾಲ್ಟಿಯಲ್ಲಿ ಸುವೊನ್ ಗೆದ್ದಿತು. ಹಿಂದಿನ ವರ್ಷವೂ ಜಪಾನಿನ ಜುಬಿಲೊ ಇವಾಟಾ ತಂಡವನ್ನು ಸೋಲಿಸಿ ಗೆದ್ದಿದ್ದರಿಂದ ಅದು ಸತತ ಎರಡನೇ ಏಷ್ಯನ್ ಕ್ಲಬ್ ಕಪ್.

2004ರಲ್ಲಿ ಅನ್ಯಾಂಗ್ ತಂಡವನ್ನು ಅದರ ಮಾಲೀಕರು ಸೋಲ್‌ಗೆ ಸಾಗಿಸಿದರು. ಅದೇ ಇವತ್ತಿನ ಎಫ್‌ಸಿ ಸೋಲ್. ನಮಗೆ ಅನ್ಯಾಂಗ್ ಎದುರಾಳಿ ಊರು, ಸರಿ. ಆದರೂ ಒಂದು ಊರಿನ ಕೈಯಿಂದ ತಂಡ ಕಿತ್ತುಕೊಂಡ ಆ ಕೆಲಸ ನನಗೆ ಇವತ್ತಿಗೂ ಒಪ್ಪಿಗೆ ಇಲ್ಲ. ಅಲ್ಲಿನ ಅಭಿಮಾನಿಗಳು ವರ್ಷಗಟ್ಟಲೆ ಹೋರಾಡಿ ಊರಿನದೇ ಹೊಸ ಕ್ಲಬ್ ಪಡೆದರು. ನೇರಳೆ ಬಣ್ಣದ ಎಫ್‌ಸಿ ಅನ್ಯಾಂಗ್ 2013ರಿಂದ ಆಡುತ್ತಿದೆ. ಅವರು ಎದುರಿಗೆ ಬಂದಾಗ ಜೋರಾಗಿ ಕೂಗಿ, ಆದರೆ ಅವರ ಕಥೆ ತಿಳಿದುಕೊಂಡು ಕೂಗಿ.

ಹಳೆಯ ಜಗಳದ ಅರ್ಧ ಪಾಲು ಎಫ್‌ಸಿ ಸೋಲ್ ಜೊತೆ ಹೋಯಿತು. ಸುವೊನ್ ಮತ್ತು ಸೋಲ್ ಆಡುವ ಪಂದ್ಯವನ್ನು ಸೂಪರ್ ಮ್ಯಾಚ್ ಅನ್ನುತ್ತಾರೆ. 2008ರ ಡಿಸೆಂಬರ್‌ನಲ್ಲಿ ಬಿಗ್ ಬರ್ಡ್‌ನಲ್ಲಿ ಸೋಲ್ ತಂಡವನ್ನು 2-1ರಿಂದ ಸೋಲಿಸಿ ಲೀಗ್ ಗೆದ್ದ ದಿನ ಹಿಮ ಸುರಿಯಿತು. ಆ ಹಿಮದಲ್ಲಿ ಕಪ್ ಎತ್ತಿದ ಫೋಟೊ ಈಗಲೂ ಎಷ್ಟೋ ಜನರ ಫೋನಿನಲ್ಲಿದೆ. 2016ರ ಎಫ್‌ಎ ಕಪ್ ಫೈನಲ್ ಕೂಡ ಇದೇ ಜೋಡಿ, ಪೆನಾಲ್ಟಿಯಲ್ಲಿ 10-9.

ಇಲ್ಲೇ ನಮ್ಮವರಿಗೆ ಒಂದು ಮುಖ್ಯವಾದ ಮಾತು. ಆರ್‌ಸಿಬಿಯ ಹಳೆಯ ಕೆಂಪು-ಕಪ್ಪು ಜೆರ್ಸಿ ಹಾಕಿಕೊಂಡು ದಯವಿಟ್ಟು ಬಿಗ್ ಬರ್ಡ್‌ಗೆ ಹೋಗಬೇಡಿ. ಕೆಂಪು-ಕಪ್ಪು ಎಫ್‌ಸಿ ಸೋಲ್ ಬಣ್ಣ. ನನ್ನ ಮೊದಲ ಪಂದ್ಯಕ್ಕೆ ನಾನು ಅದನ್ನೇ ಹಾಕಿಕೊಂಡು ಹೋಗಿದ್ದೆ. ಯಾರೂ ಬೈಯಲಿಲ್ಲ. ಪಕ್ಕದ ಸೀಟಿನ ಅಜ್ಜಿ ಒಬ್ಬರು ನನ್ನನ್ನು ನೋಡಿ, ಏನೂ ಮಾತಾಡದೆ ತಮ್ಮ ನೀಲಿ ಶಾಲು ತೆಗೆದು ನನ್ನ ಎದೆ ಮುಚ್ಚುವ ಹಾಗೆ ಹೊದಿಸಿದರು. ಪಂದ್ಯ ಮುಗಿದ ಮೇಲೆ ವಾಪಸ್ ಕೊಡಲು ಹೋದರೆ ಕೈ ಆಡಿಸಿ ಬೇಡ ಅಂದರು. ಆ ಶಾಲು ನನ್ನ ಹತ್ತಿರವೇ ಇದೆ.

ಸುವೊನ್ ಬಣ್ಣ ನೀಲಿ, ಬಿಳಿ, ಕೆಂಪು. ಮೂರನ್ನೂ ಸೇರಿಸಿ ಛೊಂಗ್-ಬೇಕ್-ಜೊಕ್ ಅನ್ನುತ್ತಾರೆ. ಅಭಿಮಾನಿಗಳ ಸಂಘದ ಹೆಸರು ಫ್ರೆಂತೆ ತ್ರಿಕೊಲೊರ್. ಮೂರು ಬಣ್ಣದ ಪಡೆ ಅಂತ ಇಟ್ಟುಕೊಳ್ಳಿ. ಮೊದಲು ಇದರ ಹೆಸರು ಗ್ರಾಂಗ್ ಬ್ಲೂ ಅಂತ ಇತ್ತು, ಹಳಬರ ಬಾಯಲ್ಲಿ ಈಗಲೂ ಅದೇ ಬರುತ್ತದೆ. ಇವರು ನಿಲ್ಲುವುದು ಉತ್ತರ ದಿಕ್ಕಿನ ಸ್ಟ್ಯಾಂಡ್‌ನಲ್ಲಿ. ಟಿಕೆಟ್ ಮೇಲೆ ಎನ್ ಅಂತ ಇರುತ್ತದೆ. ಅಲ್ಲಿ ಟಿಕೆಟ್ ತೆಗೆದುಕೊಂಡರೆ ತೊಂಬತ್ತು ನಿಮಿಷವೂ ನಿಂತೇ ಇರಬೇಕು, ಹಾಡಬೇಕು, ಕುಣಿಯಬೇಕು. ಮೂರು ಬಣ್ಣದ ಕೊಡೆಗಳು ಒಟ್ಟಿಗೆ ತಿರುಗುವಾಗ ಮೈ ಜುಂ ಅನ್ನುತ್ತದೆ. ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಅಭಿಮಾನಿಗಳ ವೆಸ್ಟ್ ಬ್ಲಾಕ್ ಜೊತೆ ನಿಂತು ಕೂಗಿದವರಿಗೆ ಇದು ಹೊಸದು ಅನ್ನಿಸುವುದಿಲ್ಲ. ಚಿಕ್ಕ ಮಕ್ಕಳಿದ್ದರೆ ಪೂರ್ವದ ಸ್ಟ್ಯಾಂಡ್ ವಾಸಿ. ಕುಳಿತು ನೋಡಬಹುದು, ಹಾಡೂ ಕೇಳಿಸುತ್ತದೆ. ಮಕ್ಕಳಿಗೆ ಹದ್ದಿನ ರೆಕ್ಕೆ ಇರುವ ಸಿಂಹ ಆಗಿಲೆಯೊನ್ ಬೇಗ ಇಷ್ಟವಾಗುತ್ತದೆ. ಅದು ಕ್ಲಬ್‌ನ ಮ್ಯಾಸ್ಕಾಟ್.

ಬಿಗ್ ಬರ್ಡ್ ಅಂದರೆ ಸುವೊನ್ ವಿಶ್ವಕಪ್ ಸ್ಟೇಡಿಯಂ. ಚಾವಣಿ ರೆಕ್ಕೆ ಬಿಚ್ಚಿದ ಹಕ್ಕಿಯ ಹಾಗಿದೆ, ಅದಕ್ಕೆ ಆ ಹೆಸರು. ನಲವತ್ತು ಸಾವಿರಕ್ಕಿಂತ ಜಾಸ್ತಿ ಸೀಟು. 2002ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ಇಲ್ಲಿ ಕೋಸ್ಟರಿಕಾಗೆ ಐದು ಗೋಲ್ ಹೊಡೆದಿತ್ತು. ಊರಲ್ಲಿ ಸುವೊನ್ ಎಫ್‌ಸಿ ಅಂತ ಇನ್ನೊಂದು ಕ್ಲಬ್ ಇದೆ. ಅದರ ಸ್ಟೇಡಿಯಂ ಬೇರೆ. ಟ್ಯಾಕ್ಸಿಯವರಿಗೆ ಸುಮ್ನೆ 'ಸುವೊನ್ ಫುಟ್‌ಬಾಲ್' ಅಂದರೆ ಗೊಂದಲ ಆಗುತ್ತದೆ. 'ಬಿಗ್ ಬರ್ಡ್' ಅನ್ನಿ.

ಟಿಕೆಟ್ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳುವಾಗ ನಿಮ್ಮದೇ ಹೆಸರಿನ ಕೊರಿಯಾ ಮೊಬೈಲ್ ನಂಬರ್ ಕೇಳಬಹುದು. ಅದು ಆಗುವ ತನಕ ಆಫೀಸಿನ ಕೊರಿಯನ್ ಗೆಳೆಯರನ್ನು ಕೇಳಿ. ನಿಜವಾಗಿ ಹೇಳಬೇಕೆಂದರೆ ಹಾಗೆ ಕೇಳುವುದೇ ಒಳ್ಳೆಯದು. ಊಟದ ಹೊತ್ತಲ್ಲಿ ಮಾತಿಲ್ಲದೆ ಕೂರುವ ಸಹೋದ್ಯೋಗಿ ಬ್ಲೂವಿಂಗ್ಸ್ ಹೆಸರೆತ್ತಿದರೆ ಅರ್ಧ ಗಂಟೆ ಮಾತಾಡುತ್ತಾರೆ. ಸಸ್ಯಾಹಾರಿಗಳು ಮನೆಯಿಂದ ಚಿತ್ರಾನ್ನವೋ ಚಪಾತಿಯೋ ಕಟ್ಟಿಕೊಂಡು ಹೋಗಿ, ಹೊರಗೆ ಸಿಗುವುದು ಹೆಚ್ಚಾಗಿ ಕೋಳಿ. ಗಾಜಿನ ಬಾಟಲಿ ಬೇಡ. ಮಾರ್ಚ್ ಮತ್ತು ನವೆಂಬರ್ ಪಂದ್ಯಗಳಿಗೆ ದಪ್ಪ ಜಾಕೆಟ್ ಬೇಕೇ ಬೇಕು. ಕಾಂಕ್ರೀಟ್ ಮೆಟ್ಟಿಲಿನ ಚಳಿ ಕಾಲಿನಿಂದ ಹತ್ತುತ್ತದೆ.

ಮೇತಾನ್ ಹೆಸರು ನಿಮಗೆ ಗೊತ್ತೇ ಇದೆ, ಸ್ಯಾಮ್‌ಸಂಗ್ ಡಿಜಿಟಲ್ ಸಿಟಿ ಇರುವ ಜಾಗ. ಕ್ಲಬ್‌ನ ಹುಡುಗರ ತಂಡ ಇರುವುದೂ ಮೇತಾನ್ ಹೈಸ್ಕೂಲಿನಲ್ಲೇ. ಕ್ವೊನ್ ಛಾಂಗ್-ಹುನ್, ಒ ಹ್ಯೊನ್-ಗ್ಯು ಅಲ್ಲಿಂದಲೇ ಬಂದು ಯುರೋಪಿನ ತನಕ ಹೋದರು. ಒ ಹ್ಯೊನ್-ಗ್ಯು ಅಂದ ತಕ್ಷಣ ಇಲ್ಲಿನವರಿಗೆ 2022ರ ಅಕ್ಟೋಬರ್ ನೆನಪಾಗುತ್ತದೆ. ಕೆಳಗಿನ ಲೀಗ್‌ಗೆ ಬೀಳುವುದನ್ನು ತಪ್ಪಿಸಿಕೊಳ್ಳಲು ಇದೇ ಎಫ್‌ಸಿ ಅನ್ಯಾಂಗ್ ಜೊತೆ ಆಡಬೇಕಾಗಿ ಬಂತು. ಹೆಚ್ಚುವರಿ ಸಮಯದ ಕೊನೆಯ ನಿಮಿಷದಲ್ಲಿ ಆ ಹುಡುಗ ತಲೆಯಿಂದ ಗೋಲ್ ಹೊಡೆದು ತಂಡವನ್ನು ಉಳಿಸಿದ.

ಮುಂದಿನ ವರ್ಷ ಯಾರೂ ಉಳಿಸಲಿಲ್ಲ. 2023ರ ಡಿಸೆಂಬರ್ 2. ಎದುರಾಳಿ ಗಾಂಗ್‌ವೊನ್. ಇಪ್ಪತ್ತನಾಲ್ಕು ಸಾವಿರಕ್ಕೂ ಹೆಚ್ಚು ಜನ ಬಂದಿದ್ದೆವು. ತಂಡ ನಡೆಸುತ್ತಿದ್ದವರು ಯೊಮ್ ಗಿ-ಹುನ್, ಹದಿಮೂರು ವರ್ಷ ನಮ್ಮ ಎಡಗಾಲಿನ ಹೀರೊ ಆಗಿದ್ದವರು. ಪಂದ್ಯ 0-0ಯಲ್ಲಿ ಮುಗಿಯಿತು. ಕೊನೆಯಲ್ಲಿ ಸುವೊನ್ ಎಫ್‌ಸಿಗೂ ನಮಗೂ 33 ಪಾಯಿಂಟ್, ಸಮ ಸಮ. ಕೊರಿಯಾದಲ್ಲಿ ಪಾಯಿಂಟ್ ಸಮ ಆದರೆ ಹೊಡೆದ ಗೋಲ್ ಎಣಿಸುತ್ತಾರೆ. ಅವರದು 44, ನಮ್ಮದು 35. ನಾಲ್ಕು ಸಲ ಲೀಗ್ ಗೆದ್ದ ತಂಡ ಕೊನೆಯ, ಹನ್ನೆರಡನೇ ಸ್ಥಾನದಲ್ಲಿ ನಿಂತು ಎರಡನೇ ದರ್ಜೆಯ ಕೆ ಲೀಗ್ 2ಕ್ಕೆ ಬಿತ್ತು. ಅದಕ್ಕೆ ಇಲ್ಲಿ ಗಾಂಗ್‌ಡುಂಗ್ ಅನ್ನುತ್ತಾರೆ. ಆ ಪದವನ್ನು ನಾನು ಕಲಿತದ್ದು ಆ ದಿನ. ನನ್ನ ಪಕ್ಕದ ದೊಡ್ಡ ಗಂಡಸರು ಮುಖ ಮುಚ್ಚಿಕೊಂಡು ಅಳುತ್ತಿದ್ದರು.

2024ರಲ್ಲಿ ಆರನೇ ಸ್ಥಾನ. ಮೇಲಿನ ಲೀಗ್‌ಗೆ ಏರಲು ಆಡುವ ಪ್ಲೇಆಫ್ ಅವಕಾಶ ಐದನೇ ಸ್ಥಾನದವರೆಗೆ ಮಾತ್ರ ಇತ್ತು. 2025ರಲ್ಲಿ ಎರಡನೇ ಸ್ಥಾನಕ್ಕೆ ಬಂದು, ಕೊನೆಗೆ ಪ್ಲೇಆಫ್‌ನಲ್ಲಿ ಮೇಲಿನ ಲೀಗ್‌ನ ಜೇಜು ತಂಡದ ಎದುರು ಎರಡೂ ಪಂದ್ಯ ಸೋತಿತು. ಆದರೆ ನಾನು ಹೇಳಬೇಕು ಅಂದುಕೊಂಡದ್ದು ಇದು: ತಂಡ ಬಿದ್ದ ಮೇಲೆ ಸ್ಟೇಡಿಯಂ ಖಾಲಿಯಾಗಲಿಲ್ಲ. ಎರಡನೇ ದರ್ಜೆಯ ಪಂದ್ಯಕ್ಕೂ ಹತ್ತು ಸಾವಿರದ ಮೇಲೆ ಜನ ಬರುತ್ತಾರೆ. ಬೇರೆ ಊರಿನ ಪಂದ್ಯಕ್ಕೂ ಬಸ್ಸು ಮಾಡಿಕೊಂಡು ಹೋಗುತ್ತಾರೆ. ಕಪ್ ಇಲ್ಲದೆ ಹದಿನೇಳು ಸೀಸನ್ ಆರ್‌ಸಿಬಿಗೆ ಕಾದ ನಮಗೆ ಈ ಜನರನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ ಅಲ್ವಾ?

ಕಲಿಯಬೇಕಾದ ಇನ್ನೊಂದು ಪದ ಸುಂಗ್ಯೊಕ್. ಮೇಲಿನ ಲೀಗ್‌ಗೆ ಏರುವುದು ಅಂತ. ಬ್ಯಾನರ್‌ಗಳಲ್ಲಿ, ಬೆಂಚಿನ ಮಾತಿನಲ್ಲಿ, ಕೋಳಿ ಅಂಗಡಿಯಲ್ಲಿ, ಎಲ್ಲ ಕಡೆ ಇದೇ ಪದ. ಮುಂದಿನ ಮನೆ ಪಂದ್ಯಕ್ಕೆ ಬರುವುದಾದರೆ ಶುರುವಾಗುವ ಒಂದು ಗಂಟೆ ಮೊದಲು ಉತ್ತರದ ಗೇಟಿನ ಹತ್ತಿರ ಬನ್ನಿ. ಅಜ್ಜಿ ಕೊಟ್ಟ ನೀಲಿ ಶಾಲು ನನ್ನ ಕೊರಳಲ್ಲಿರುತ್ತದೆ. ಕನ್ನಡದಲ್ಲಿ ಕೂಗಿ ಕರೆಯಿರಿ, ತಿರುಗಿ ನೋಡುತ್ತೇನೆ.