ವಸ್ತಿಗೆ ಸ್ವಂತ ಕರೆಂಟ್: ಪ್ಯಾನೆಲ್ ತರುವ ಮೊದಲು ಮನೆಮನೆಯ ಲೆಕ್ಕ

ನಮ್ಮ ಗದಗ, ಹಾವೇರಿ ಕಡೆ ಊರಿಗೆ ಕರೆಂಟ್ ಬಂದು ಬಹಳ ವರ್ಷವಾಯಿತು. ಆದರೆ ಊರು ಬಿಟ್ಟು ಹೊಲದಲ್ಲಿ ಮನೆ ಕಟ್ಟಿಕೊಂಡವರ ಕಥೆ ಬೇರೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಫೀಡರ್ (ಕರೆಂಟ್ ತರುವ ಲೈನು), ಪಂಪ್‌ಸೆಟ್ ಫೀಡರ್ ಬೇರೆಬೇರೆ ಮಾಡಿದರು. ಪಂಪ್‌ಸೆಟ್ ಲೈನಿಗೆ ಸಿಗುವುದು ದಿನಕ್ಕೆ 7 ತಾಸು ತ್ರೀಫೇಸ್. ಆ ಲೈನಿನ ಮೇಲೆ ಇರುವ ಮನೆಗಳಲ್ಲಿ ಮಕ್ಕಳು ಓದುವ ಹೊತ್ತಿಗೆ ದೀಪ ಇರುತ್ತದೆ ಅನ್ನುವ ಖಾತ್ರಿ ಇಲ್ಲ. ಇಂಥ ವಸ್ತಿಯ ಜನ ಕೂಡಿ ತಮ್ಮದೇ ಸೋಲಾರ್ ಘಟಕ ಕಟ್ಟಿಕೊಳ್ಳಬಹುದು. ಕಟ್ಟಿದವರನ್ನೂ ನೋಡಿದ್ದೇನೆ, ಕಟ್ಟಿ ಎರಡೇ ಮಳೆಗಾಲಕ್ಕೆ ಕೈಬಿಟ್ಟವರನ್ನೂ ನೋಡಿದ್ದೇನೆ. ಕೈಬಿಟ್ಟ ಒಂದು ಕಡೆ ಪ್ಯಾನೆಲ್ ಕೆಳಗೆ ಶೇಂಗಾ ಹೊಟ್ಟು ಒಟ್ಟಿದ್ದರು. ಪ್ಯಾನೆಲ್ ಎಲ್ಲಾ ಚೆನ್ನಾಗಿಯೇ ಇದ್ದವು. ಕೆಟ್ಟಿದ್ದು ಮೊದಲ ದಿನದ ಲೆಕ್ಕ.

1. ಸಂಘ ಮಾಡಿ

ಇದಕ್ಕೆ ನಮ್ಮವರಿಗೆ ಪಾಠ ಬೇಕಿಲ್ಲ. 1905ರಲ್ಲೇ ಗದಗ ಪಕ್ಕದ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನೆಲ ಇದು. ಏಳು ಜನರ ಸಮಿತಿ, ಅದರಲ್ಲಿ ಮೂವರಾದರೂ ಹೆಣ್ಣುಮಕ್ಕಳು, ಬ್ಯಾಂಕಿನಲ್ಲಿ ಇಬ್ಬರ ಸಹಿಯ ಖಾತೆ. ಅಷ್ಟು ಸಾಕು.

ಪರವಾನಗಿ ಬಗ್ಗೆ ಜನ ಸುಮ್ನೆ ಹೆದರುತ್ತಾರೆ. 2003ರ ವಿದ್ಯುತ್ ಕಾಯ್ದೆಯ 14ನೇ ಕಲಮಿನ ಪ್ರಕಾರ, ಸರ್ಕಾರ ಅಧಿಸೂಚನೆ ಮಾಡಿದ ಗ್ರಾಮೀಣ ಪ್ರದೇಶದಲ್ಲಿ ಕರೆಂಟ್ ತಯಾರಿಸಿ ಹಂಚುವುದಕ್ಕೆ ಲೈಸೆನ್ಸ್ ಬೇಡ. ಸುರಕ್ಷತೆಯ ನಿಯಮಗಳಿಗೆ ಮಾತ್ರ ರಿಯಾಯಿತಿ ಇಲ್ಲ. ನಿಮ್ಮ ಜಾಗ ಆ ಅಧಿಸೂಚನೆಯಲ್ಲಿ ಬರುತ್ತದೆಯೇ ಅಂತ ಹೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನ ಒಪ್ಪಿಗೆ ನಂಬಿ ಕಂಬ ನೆಡಬೇಡಿ.

2. ಲೆಕ್ಕ ಹಾಕಿ. ಎಲ್ಲರೂ ಎಡವುವುದು ಇಲ್ಲೇ

ಸಾಮಾನ್ಯವಾಗಿ ಏನು ಮಾಡುತ್ತಾರೆ? ಗುಡಿ ಕಟ್ಟೆಯ ಮೇಲೆ ಸಭೆ ಕರೆದು "ನಿಮ್ಮ ಮನೆಗೆ ಎಷ್ಟು ಬಲ್ಬ್ ಬೇಕು?" ಅಂತ ಗಂಡಸರನ್ನು ಕೇಳುತ್ತಾರೆ. "ಎರಡು ಬಲ್ಬು, ಒಂದು ಮೊಬೈಲ್ ಚಾರ್ಜರ್ ಸಾಕ್ರಿ" ಅನ್ನುತ್ತಾರೆ. ಅದನ್ನೇ ಬರೆದುಕೊಂಡು ಗುಣಿಸಿ, ಕೊಟೇಶನ್ ತರಿಸುತ್ತಾರೆ.

ಹೊಟ್ಟು ಒಟ್ಟಿದ್ದ ಆ ವಸ್ತಿಯಲ್ಲೂ ಹೀಗೇ ಆಗಿತ್ತು. ಯಾಕೆ ಕೆಟ್ಟಿತು ಅಂತ ನೋಡಲು ಮನೆಮನೆಗೆ ಹೋದೆ. ಒಂದು ಅಡುಗೆಮನೆಯಲ್ಲಿ ಬಲ್ಬಿನ ಹೋಲ್ಡರ್ ಬಿಚ್ಚಿ ವಯರ್ ಎಳೆದಿದ್ದರು. ವಯರ್ ಮೇಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಅದರ ತುದಿಗೆ, ಅಲ್ಯುಮಿನಿಯಂ ಬಕೆಟ್‌ನಲ್ಲಿ, ನೀರು ಕಾಯಿಸುವ ಕಾಯಿಲ್. ಅಜ್ಜಿ ಸಂಕೋಚದಿಂದಲೇ ಹೇಳಿದರು: "ಕೂಸಿಗೆ ನೆಗಡಿ ಆಗೇತ್ರಿ, ಮಳ್ಯಾಗ ಕಟಗಿ ಹತ್ತಂಗಿಲ್ರಿ." ಅವರದೇನು ತಪ್ಪು? ಆಕೆಯನ್ನು ಯಾರೂ ಕೇಳಿಯೇ ಇರಲಿಲ್ಲ. ಆದರೆ ಆ ಒಂದು ಕಾಯಿಲ್ 1,000 ವ್ಯಾಟ್. ಅದು ಒಂದು ತಾಸು ಉರಿದರೆ ಎರಡು ಮನೆಗಳ ಇಡೀ ದಿನದ ಕರೆಂಟ್ ಹೋಯಿತು.

ಅದಕ್ಕೇ ನನ್ನ ಕಟ್ಟುನಿಟ್ಟಿನ ಮಾತು: ಲೆಕ್ಕಕ್ಕೆ ಸಂಜೆ 7ರಿಂದ 9ರ ಒಳಗೆ ಹೋಗಿ, ಒಲೆ ಮುಂದೆ ಕೂತು ಅಡುಗೆ ಮಾಡುವವರನ್ನು ಕೇಳಿ. ಈಗ ಏನಿದೆ ಅಂತ ಕೇಳಿದರೆ ಸಾಲದು. ಬರುವ ದೀಪಾವಳಿಗೆ ಏನು ತರಬೇಕು ಅಂತಿದ್ದೀರಿ ಅಂತಲೂ ಕೇಳಿ. ಟಿವಿ, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ಎಲ್ಲಾ ಆಗ ಹೊರಗೆ ಬರುತ್ತವೆ.

40 ಮನೆಯ ಒಂದು ವಸ್ತಿ ಹಿಡಿಯೋಣ. ಒಂದು ಮನೆಗೆ 9 ವ್ಯಾಟ್‌ನ ಮೂರು ಎಲ್‌ಇಡಿ ಬಲ್ಬ್, 5 ತಾಸು: 135 ವ್ಯಾಟ್-ತಾಸು. ಬಿಎಲ್‌ಡಿಸಿ ಫ್ಯಾನ್ (ಕರೆಂಟ್ ಕಡಿಮೆ ಎಳೆಯುವ ಹೊಸ ಬಗೆಯದು) 30 ವ್ಯಾಟ್, 8 ತಾಸು: 240. ಟಿವಿ 40 ವ್ಯಾಟ್, 3 ತಾಸು: 120. ಮೊಬೈಲ್ 15. ಒಟ್ಟು 510, ಅಂದರೆ ಸುಮಾರು ಅರ್ಧ ಯುನಿಟ್ (ಸಾವಿರ ವ್ಯಾಟ್-ತಾಸಿಗೆ ಒಂದು ಯುನಿಟ್). ಹಳೇ ಫ್ಯಾನ್ ಇದ್ದರೆ ಅದೊಂದೇ 75 ವ್ಯಾಟ್ ಎಳೆಯುತ್ತದೆ. ಸಂಘದಿಂದಲೇ ಹೊಸ ಫ್ಯಾನ್ ಕೊಡಿಸಿಬಿಡಿ. ಹೆಚ್ಚಿಗೆ ಪ್ಯಾನೆಲ್, ಬ್ಯಾಟರಿ ಹಾಕುವುದಕ್ಕಿಂತ ಅದು ಅಗ್ಗ.

40 ಮನೆಗೆ 20 ಯುನಿಟ್ ಆಯಿತು. ಎಂಟು ಬೀದಿದೀಪಕ್ಕೆ 2. ಹಿಟ್ಟಿನ ಗಿರಣಿಗೆ, 2 ಎಚ್‌ಪಿ ಮೋಟರ್ ಎರಡು ತಾಸು ಓಡಿದರೆ, 3. ಒಟ್ಟು 25. ತಂತಿ, ಇನ್ವರ್ಟರ್, ಬ್ಯಾಟರಿಯಲ್ಲಿ ಐದರಲ್ಲೊಂದು ಪಾಲು ಸೋರುತ್ತದೆ ಅಂತ ಹಿಡಿಯಿರಿ. ಹಾಗಾಗಿ ದಿನಕ್ಕೆ 31 ಯುನಿಟ್ ಹುಟ್ಟಬೇಕು.

ನಮ್ಮ ಬಿಸಿಲಿಗೆ ಒಂದು ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿ ದಿನಕ್ಕೆ 4 ಯುನಿಟ್ ಕೊಡುತ್ತದೆ. ಆ ಲೆಕ್ಕಕ್ಕೆ 8 ಕಿಲೋವ್ಯಾಟ್ ಸಾಕು, ಮಾರುವವರೂ ಅಷ್ಟೇ ಹೇಳುತ್ತಾರೆ. ಆದರೆ ಆಷಾಢ, ಶ್ರಾವಣದ ಮೋಡದಲ್ಲಿ 3 ಯುನಿಟ್ ಬಂದರೆ ದೊಡ್ಡದು. ಮಳೆಗಾಲದ ಲೆಕ್ಕ ಹಿಡಿದು 10 ಕಿಲೋವ್ಯಾಟ್ ಹಾಕಿ. ಪ್ಯಾನೆಲ್ಲಿಗೇ ಒಂದು ಗುಂಟೆ ಬೇಕು, ನೆರಳು ಬೀಳದಂತೆ ಸಾಲು ಬಿಡಲು ಎರಡು ಗುಂಟೆ ಇಟ್ಟುಕೊಳ್ಳಿ.

ಬ್ಯಾಟರಿ ರಾತ್ರಿಯ ಬಳಕೆಗೆ: 22 ಯುನಿಟ್. ಲಿಥಿಯಂ ಐರನ್ ಫಾಸ್ಫೇಟ್ ಆದರೆ ನೂರಕ್ಕೆ 80ರಷ್ಟು ಬಳಸಬಹುದು, 30 ಯುನಿಟ್ ಬ್ಯಾಟರಿ ಸಾಕು. ಆಸಿಡ್ ನೀರಿನ ಟ್ಯೂಬ್ಯುಲರ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅದಕ್ಕೆ 50 ಯುನಿಟ್ ಬೇಕಾಗುತ್ತದೆ. ನಾನಂತೂ ಲಿಥಿಯಂ ಅನ್ನುತ್ತೇನೆ. ಲಾರಿ, ಟ್ರ್ಯಾಕ್ಟರ್ ಬ್ಯಾಟರಿ ಸಾಲಾಗಿ ಜೋಡಿಸಿ "ಇದೂ ನಡೀತದೆ" ಅನ್ನುವವರನ್ನು ದಯವಿಟ್ಟು ಹತ್ತಿರ ಸೇರಿಸಬೇಡಿ. ಅದು ಎಂಜಿನ್ ಸ್ಟಾರ್ಟ್ ಮಾಡಲು ಮಾಡಿದ್ದು. ರಾತ್ರಿಯಿಡೀ ಕರೆಂಟ್ ಎಳೆದರೆ ಕೆಲವೇ ತಿಂಗಳಲ್ಲಿ ಸಾಯುತ್ತದೆ.

ಲೆಕ್ಕ ಆದ ಮೇಲೆ ಅದನ್ನು ಕಾಯಬೇಕು. ಪ್ರತಿ ಮನೆಗೆ 1 ಆಂಪಿಯರ್ ಎಂಸಿಬಿ (ಮಿತಿ ಮೀರಿದರೆ ತಾನೇ ಕರೆಂಟ್ ಕಡಿಯುವ ಸ್ವಿಚ್) ಹಾಕಿ, ಮನೆಯೊಳಗೆ ಬೇಡ, ಕಂಬದ ಮೇಲೆ ಬೀಗ ಇರುವ ಪೆಟ್ಟಿಗೆಯಲ್ಲಿ. ಸುಮಾರು 230 ವ್ಯಾಟ್ ಧಾರಾಳವಾಗಿ ಬರುತ್ತದೆ, ಕಾಯಿಲ್ ಹಾಕಿದರೆ ತಾನೇ ಬೀಳುತ್ತದೆ. ಜಗಳವೂ ಇಲ್ಲ, ಅನುಮಾನವೂ ಇಲ್ಲ. ಬಿಸಿನೀರು ನಿಜವಾಗಿಯೂ ಬೇಕು ಅಂತಿದ್ದರೆ ಹೊಗೆ ಕಡಿಮೆ ಇರುವ ಒಲೆಗೆ, ಕಟ್ಟಿಗೆ ಒಣಗಿಡಲು ಒಂದು ತಗಡಿನ ಚಪ್ಪರಕ್ಕೆ ದುಡ್ಡು ಹಾಕಿ.

ಬೇಕು ಏನು ಅನ್ನುವುದನ್ನು ಮೊದಲು ತಿಳಿದುಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಕುಣಿಗಲ್ ತಾಲ್ಲೂಕಿನ ಪುರ ಎಂಬ ಊರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಸಗಣಿ ಗ್ಯಾಸಿನ ಘಟಕ ಕಟ್ಟಿದರು. ಅಡುಗೆಗೆ ಕೊಡೋಣ ಅಂದರೆ ಗ್ಯಾಸ್ ಸಾಲಲಿಲ್ಲ. 1980ರ ದಶಕದ ಕೊನೆಯಲ್ಲಿ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಕರೆಂಟ್ ಮಾಡಿ, ಜನರಿಗೆ ಬೇಕಿದ್ದ ಕುಡಿಯುವ ನೀರು, ಮನೆಗೆ ದೀಪ ಕೊಟ್ಟರು. ಜನ ಸಗಣಿ ತಂದು ಹಾಕಿ, ಗೊಬ್ಬರ ವಾಪಸ್ ಒಯ್ಯುತ್ತಿದ್ದರು.

3. ಕೂಡಿಸುವ ಕೆಲಸ

ಪ್ಯಾನೆಲ್ ದಕ್ಷಿಣಕ್ಕೆ ಮುಖ, 15 ಡಿಗ್ರಿ ಓರೆ. ಘಟಕ ವಸ್ತಿಯ ನಡುವೆ ಇರಲಿ, ಕೊನೆಯ ಮನೆಗೂ ವೋಲ್ಟೇಜ್ ಸರಿಯಾಗಿ ಮುಟ್ಟುತ್ತದೆ.

ಎರೆ ಭೂಮಿಯಲ್ಲಿ ಮಾತ್ರ ಜೋಕೆ. ಈ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಎರಡಡಿ ತೋಡಿ ಸಿಮೆಂಟ್ ಸುರಿದರೆ ಮರುವರ್ಷಕ್ಕೆ ಕಂಬ ವಾಲುತ್ತದೆ. ಗಟ್ಟಿ ನೆಲ ಸಿಗುವವರೆಗೆ ತೋಡಿ, ಸುತ್ತಲಿನ ಎರೆ ತೆಗೆದು ಗರಸು ತುಂಬಿಸಿ ಬಡಿಯಿರಿ.

ತಾಮ್ರದ ವಯರ್, ಅಲ್ಯುಮಿನಿಯಂ ವಯರ್ ಸುತ್ತಿ ಟೇಪ್ ಹಚ್ಚುವ ಚಾಳಿ ಬಿಡಿಸಿ. ಆ ಜೋಡಣೆ ಮಳೆಗಾಲಕ್ಕೆ ಕಿಲುಬು ಹಿಡಿದು ಸುಡುತ್ತದೆ. ಎರಡೂ ಲೋಹ ಕೂಡಿಸಲೆಂದೇ ಮಾಡಿದ ಬೈಮೆಟಲ್ ಲಗ್ ಹಾಕಿಸಿ. ಗಿರಣಿ ಮೋಟರ್ ಶುರುವಾಗುವಾಗ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಅದಕ್ಕೆ ವಿಎಫ್‌ಡಿ (ಮೋಟರನ್ನು ನಿಧಾನವಾಗಿ ಶುರುಮಾಡುವ ಸಾಧನ) ಬೇಕು. ಗಿರಣಿ ಓಡುವುದು ಬೆಳಿಗ್ಗೆ 11ರಿಂದ 2ರ ಒಳಗೆ ಮಾತ್ರ, ನೇರ ಬಿಸಿಲಿನ ಕರೆಂಟಿನಲ್ಲಿ.

4. ತಿಂಗಳ ಪಟ್ಟಿ (ವಂತಿಗೆ)

"ಬಿಸಿಲು ಪುಕ್ಕಟೆ, ಪಟ್ಟಿ ಯಾಕೆ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಬ್ಯಾಟರಿ ಪುಕ್ಕಟೆ ಬರುವುದಿಲ್ಲ, ಅಲ್ವಾ? ಅದಕ್ಕೆ 4 ಲಕ್ಷ ಆಯಿತು ಅಂದುಕೊಳ್ಳಿ. 7 ವರ್ಷಕ್ಕೆ ಬದಲಿಸಬೇಕು ಅಂತ ಹಿಡಿದರೆ 84 ತಿಂಗಳು, 40 ಮನೆ: ಮನೆಗೆ ತಿಂಗಳಿಗೆ 120 ರೂಪಾಯಿ. ನೋಡಿಕೊಳ್ಳುವ ಹುಡುಗ ಅಥವಾ ಹುಡುಗಿಗೆ 4,000 ಸಂಬಳ ಕೊಟ್ಟರೆ ಮನೆಗೆ 100. ರಿಪೇರಿಗೆ 30. ಒಟ್ಟು 250. ಬ್ಯಾಟರಿ ದುಡ್ಡು ಬೇರೆ ಖಾತೆಯಲ್ಲೇ ಇರಲಿ. ಜಾತ್ರೆಗೂ ಅದನ್ನು ಮುಟ್ಟಬಾರದು. ಸುಗ್ಗಿಯಲ್ಲಿ ದುಡ್ಡು ಬರುವ ಮನೆಗಳು ಆರು ತಿಂಗಳದ್ದು ಒಮ್ಮೆಲೇ ಕಟ್ಟಲಿ, ತಿಂಗಳಿಗೇ ಕಟ್ಟಿ ಅಂತ ಹಟ ಹಿಡಿಯಬೇಡಿ.

5. ನಿಗಾ

ಜೋಳ, ಕಡಲೆ ಒಕ್ಕುವ ದಿನಗಳಲ್ಲಿ ಪ್ಯಾನೆಲ್ ಮೇಲೆ ಧೂಳು ಕೂರುತ್ತದೆ. ವಾರಕ್ಕೊಮ್ಮೆ ನಸುಕಿನಲ್ಲಿ, ಗಾಜು ತಣ್ಣಗಿರುವಾಗ, ಬರೀ ನೀರು ಮತ್ತು ಮೆತ್ತನೆ ಬಟ್ಟೆಯಿಂದ ಒರೆಸಿ. ದಿನಾ ಸಂಜೆ ಬ್ಯಾಟರಿ ಎಷ್ಟು ತುಂಬಿದೆ ಅಂತ ಘಟಕದ ಗೋಡೆಯ ಕರಿಹಲಗೆಯ ಮೇಲೆ ಬರೆಯಿರಿ. ನೂರಕ್ಕೆ 50ಕ್ಕಿಂತ ಕಡಿಮೆ ಇದ್ದ ದಿನ ಟಿವಿ ಬೇಡ ಅಂತ ಮೊದಲೇ ಮಾತಾಗಿರಲಿ.

ಯುಗಾದಿ ಮುಗಿದ ಮೇಲೆ ಗುಡುಗು ಸಿಡಿಲಿನ ಅಡ್ಡಮಳೆ ಶುರು. ಅಷ್ಟರೊಳಗೆ ಸಿಡಿಲು ತಡೆ, ಅರ್ಥಿಂಗ್ ಎರಡನ್ನೂ ಪರೀಕ್ಷೆ ಮಾಡಿಸಿ. ಬಿರಿದ ಎರೆ ಮಣ್ಣು ಅರ್ಥಿಂಗ್ ಸಲಾಕೆಯಿಂದ ದೂರ ಸರಿದು ನಿಲ್ಲುತ್ತದೆ, ಆಗ ಅರ್ಥಿಂಗ್ ಇದ್ದೂ ಇಲ್ಲದಂತೆ. ಶಿವರಾತ್ರಿಯಿಂದ ಮಳೆ ಹಿಡಿಯುವವರೆಗೆ ಆ ಗುಂಡಿಗೆ ವಾರಕ್ಕೆ ಎರಡು ಕೊಡ ನೀರು ಹಾಕಿಸಿ.