ನಳದ ನೀರು ಹಿಂದಕ್ಕೆ ಹೋಗದಂತೆ ತಡೆಯುವುದು ಹೇಗೆ? ಯಾರನ್ನು ಕರೆಯಬೇಕು?

ನೀರು ಬಂದ್ ಆದ ತಕ್ಷಣ ನಳದ ಬಾಯಿಗೆ ಅಂಗೈ ಇಟ್ಟು ನೋಡಿ. ಕೆಲವು ಸಲ ಕೈಯನ್ನು ಒಳಗೆ ಎಳೆದ ಹಾಗಾಗುತ್ತದೆ. ಲೈನ್ ಖಾಲಿಯಾಗುವಾಗ ಸಿಕ್ಕಿದ್ದನ್ನೆಲ್ಲ ಹೀರುತ್ತದೆ. ನಳಕ್ಕೆ ಸಿಕ್ಕಿಸಿದ ಪೈಪು ಬಟ್ಟೆ ನೆನೆಸಿದ ಬಕೆಟ್‌ನಲ್ಲಿ ಮುಳುಗಿದ್ದರೆ ಆ ಸೋಪಿನ ನೀರೂ ಬೀದಿಯ ಲೈನಿಗೆ ಹೋಗಬಹುದು. ಮತ್ತೆ ನೀರು ಬಿಟ್ಟಾಗ ಅದು ಪಕ್ಕದ ಮನೆಯ ಕೊಡಕ್ಕೆ! 1933ರಲ್ಲಿ ಶಿಕಾಗೋದ ಹೋಟೆಲುಗಳಲ್ಲಿ ಕೊಳಚೆ ನೀರು ಕುಡಿಯುವ ನೀರಿಗೆ ಸೇರಿ ಆಮಶಂಕೆ ಹಬ್ಬಿತು. 98 ಜನ ಸತ್ತರು.

ಕಲಬುರಗಿಯ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ಸಂಪು. ಮುಚ್ಚಳ ತೆಗೆದು ಟಾರ್ಚ್ ಹಾಕಿ. ನೀರು ಬೀಳುವಾಗ ಸದ್ದಾಗಬಾರದು ಅಂತ ಕೆಲವರು ಪೈಪನ್ನು ತಳದವರೆಗೆ ಇಳಿಸಿರುತ್ತಾರೆ. ಅದೇ ತಪ್ಪು. ಸಂಪು ತುಂಬಿದಾಗಲೂ ಪೈಪಿನ ಬಾಯಿ ನೀರಿಗಿಂತ ಮೇಲಿರಬೇಕು. ನಡುವೆ ಪೈಪಿನ ಅಗಲದ ಎರಡು ಪಟ್ಟು ಜಾಗ ಬೇಕು. ಅರ್ಧ ಇಂಚಿನ ಪೈಪಾದರೆ ಒಂದು ಇಂಚು, ಅಷ್ಟೇ. ಇದಕ್ಕೆ ಹೆಚ್ಚು ಖರ್ಚಿಲ್ಲ, ಕೆಡುವ ಭಾಗವೂ ಇಲ್ಲ.

ಆಮೇಲೆ ಬೋರ್ ಲೈನ್. ಬೋರಿನ ಪೈಪನ್ನೂ ಪಾಲಿಕೆಯ ನಳದ ಪೈಪನ್ನೂ ಒಂದೇ ಕಡೆ ಜೋಡಿಸಿ, ನಡುವೆ ಒಂದು ವಾಲ್ವ್ ಇಟ್ಟು ಬಿಟ್ಟಿದ್ದರೆ ಬಿಡಿಸಿ ಬೇರೆ ಮಾಡಿಸಿ. ನಮ್ಮ ಮನೆಯಲ್ಲೂ ಹೀಗೇ ಇತ್ತು. ವಾಲ್ವ್ ಬಿಗಿಯಾಗಿ ಮುಚ್ಚಿದ್ದರೂ ನಳದಲ್ಲಿ ಬೋರಿನ ಉಪ್ಪು ರುಚಿ ಬರುತ್ತಿತ್ತು. ಬಿಚ್ಚಿದಾಗ ಒಳಗೆ ಬಿಳಿ ಸುಣ್ಣದ ಹೊಪ್ಪಳೆ ಕಟ್ಟಿ, ವಾಲ್ವ್ ಪೂರ್ತಿ ಕೂರುತ್ತಿರಲಿಲ್ಲ. ಸುಣ್ಣಕಲ್ಲಿನ ನಾಡು ನಮ್ಮದು, ಅಲ್ವಾ? ನೀರು ಒಂದೇ ಕಡೆ ಹರಿಯಲು ಬಿಡುವ ನಾನ್ ರಿಟರ್ನ್ ವಾಲ್ವ್, ಅಂದರೆ ಎನ್‌ಆರ್‌ವಿಗೂ ಇದೇ ಗತಿ. ಅದರ ಮೈಮೇಲಿನ ಬಾಣ ನೀರು ಹರಿದು ಹೋಗುವ ದಿಕ್ಕಿಗೇ ಇದೆಯಾ ನೋಡಿ.

ಇನ್ನು ಕೆಲಸದವರು. ಅಮೆರಿಕದ ಟೆಕ್ಸಾಸ್‌ನಲ್ಲಿ ನೀರು ಹಿಂದಕ್ಕೆ ಹೋಗದಂತೆ ತಡೆಯುವ ಸಾಧನ ಪರೀಕ್ಷಿಸುವವರಿಗೆಂದೇ ಬೇರೆ ಲೈಸನ್ಸ್ ಇದೆ. ಎರಡು ವರ್ಷದ ಅನುಭವ, 40 ಗಂಟೆಯ ತರಬೇತಿ, ಮೇಲೆ ಪರೀಕ್ಷೆ. ಲೈಸನ್ಸ್ ಮೂರು ವರ್ಷಕ್ಕೆ ಮುಗಿಯುತ್ತದೆ. ಅಪಾಯ ಜಾಸ್ತಿ ಇರುವ ಕಡೆ ಸಾಧನವನ್ನು ವರ್ಷಕ್ಕೊಮ್ಮೆ ಪರೀಕ್ಷಿಸಲೇಬೇಕು. ನಮ್ಮಲ್ಲಿ ಇಂಥ ಪ್ರತ್ಯೇಕ ಲೈಸನ್ಸ್ ಇಲ್ಲ. ಆಸ್ಪತ್ರೆ, ಹಾಸ್ಟೆಲ್‌ಗಳಿಗಾದರೂ ಬೇಕು ಅನ್ನುವುದು ನನ್ನ ಗಟ್ಟಿ ಮಾತು. ಸದ್ಯಕ್ಕೆ ನೀವೇ ಕೇಳಿ: ಪ್ಲಂಬರ್ ಲೈಸನ್ಸ್ ಇದೆಯಾ, ಇನ್ನೂ ಚಾಲ್ತಿಯಲ್ಲಿದೆಯಾ? ಕಾರ್ಡ್ ತೋರಿಸಿ ಅಂದರೆ ಯಾರೂ ಬೇಜಾರಾಗಬೇಕಿಲ್ಲ. ಐಟಿಐನಲ್ಲಿ ಒಂದು ವರ್ಷದ ಪ್ಲಂಬರ್ ಕೋರ್ಸ್ ಮುಗಿಸಿದವರಾದರೆ ಇನ್ನೂ ಒಳ್ಳೆಯದು. ಬೀದಿಯ ಲೈನಿಗೆ ನೇರ ಮೋಟರ್ ಜೋಡಿಸಿಕೊಡ್ತೀನಿ ಅನ್ನುವವರನ್ನು ಮಾತ್ರ ಬಾಗಿಲಿನಿಂದಲೇ ಕಳಿಸಿ.

ಕೆಲಸ ಮುಗಿದ ಮೇಲೆ ಮೇನ್ ವಾಲ್ವ್ ಮುಚ್ಚಿಸಿ, ಅದಕ್ಕೂ ಎನ್‌ಆರ್‌ವಿಗೂ ನಡುವೆ ಇರುವ ಸಣ್ಣ ನಳ ತೆರೆಸಿ. ಮನೆಯ ಟ್ಯಾಂಕಿನಲ್ಲಿ ನೀರಿರಲಿ. ಪೈಪಿನಲ್ಲಿ ಉಳಿದದ್ದು ಸುರಿದು ನಿಂತರೆ ಸರಿ. ನಿಲ್ಲದೆ ಹನಿಯುತ್ತಲೇ ಇದ್ದರೆ ಎನ್‌ಆರ್‌ವಿ ಹಿಡಿಯುತ್ತಿಲ್ಲ. ಹಣ ಕೊಡುವ ಮುಂಚೆಯೇ ಬಿಚ್ಚಿ ತೊಳೆಸಿ, ಇಲ್ಲವೇ ಬದಲಿಸಿ. ಬಿಲ್ಲಿನಲ್ಲಿ ತಾರೀಖು ಬರೆಸಿಕೊಳ್ಳಿ.